ಎಳೆಯುವ ಗಾಡಿಗೆ ಎಷ್ಟು ಕುದುರೆ ಬೇಕು? ಚೆಂಬೂರಿನ ಡೀಸೆಲ್ ಕ್ರೇನುಗಳು ಮತ್ತು ಟ್ಯೂನರ್ ಆಯ್ಕೆ: ಒಂದು ಸಂಶೋಧನಾ ಟಿಪ್ಪಣಿ

ಚೆಂಬೂರಿನ ಸುತ್ತ ಕೆಟ್ಟು ನಿಂತ ಗಾಡಿಗಳನ್ನು ಎಳೆದೊಯ್ಯುವ ಡೀಸೆಲ್ ಟ್ರಕ್ಕುಗಳಿಗೆ ಶಕ್ತಿ ಹೆಚ್ಚಿಸುವ ಟ್ಯೂನರ್ ಹಾಕಿಸಬೇಕೆ? ಹಾಕಿಸುವುದಾದರೆ ಯಾವ ಬಗೆಯದು? ಈ ಟಿಪ್ಪಣಿ ಎತ್ತಿಕೊಂಡಿರುವ ಪ್ರಶ್ನೆ ಇದು. ಈ ಗಾಡಿಯನ್ನು ಕೆಲವರು ಟೋಯಿಂಗ್ ವ್ಯಾನ್ ಎನ್ನುತ್ತಾರೆ, ಹೆಚ್ಚಿನವರು ಬರೀ ಕ್ರೇನ್ ಎನ್ನುತ್ತಾರೆ. ನೋ ಪಾರ್ಕಿಂಗ್ ಜಾಗದಿಂದ ಸ್ಕೂಟರ್ ಎತ್ತಿಕೊಂಡು ಹೋಗುವ ಪೊಲೀಸ್ ವ್ಯಾನು ನನ್ನ ವಸ್ತುವಲ್ಲ. ನಡುರಾತ್ರಿ ಛೆಡ್ಡಾ ನಗರ ಜಂಕ್ಷನ್ನಿನಲ್ಲಿ ಆಕ್ಸಲ್ ಮುರಿದು ಕೂತ ಟೆಂಪೊವನ್ನು ಕೊಂಡಿಗೆ ಸಿಕ್ಕಿಸಿ ವಾಶಿಗೋ ಪುಣೆಗೋ ಮುಟ್ಟಿಸುವ ಗಾಡಿ ನನ್ನ ವಸ್ತು. ಇಂಥ ಕೆಲಸಕ್ಕೆ ಚೆಂಬೂರಿಗಿಂತ ಒಳ್ಳೆಯ ನೆಲೆ ಮುಂಬಯಿಯಲ್ಲಿ ಕಡಿಮೆ. ಸಯನ್–ಪನ್ವೇಲ್ ಹೆದ್ದಾರಿ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ಘಾಟ್ಕೋಪರ್–ಮಾನ್ಖುರ್ದ್ ಲಿಂಕ್ ರಸ್ತೆ ಮೊದಲಿನಿಂದಲೂ ಇಲ್ಲೇ ಹಾದುಹೋಗುತ್ತವೆ. ಅದರ ಮೇಲೆ 2013ರಲ್ಲಿ ಈಸ್ಟರ್ನ್ ಫ್ರೀವೇ, 2014ರಲ್ಲಿ ಸಾಂತಾಕ್ರೂಜ್–ಚೆಂಬೂರು ಲಿಂಕ್ ರಸ್ತೆ ಬಂದು ಸೇರಿದವು. ಪಕ್ಕದ ಮಾಹುಲಿನ ಎರಡು ತೈಲ ಶುದ್ಧೀಕರಣಾಗಾರಗಳಿಂದ ಹೊರಬೀಳುವ ಟ್ಯಾಂಕರುಗಳೂ ಇದೇ ದಾರಿಗಳಿಗೆ ಇಳಿಯುತ್ತವೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಎಳೆಯುವ ಗಾಡಿಗೆ ಟ್ಯೂನರ್ ಆರಿಸುವವರು ಅಶ್ವಶಕ್ತಿಯ ಅಂಕಿಯನ್ನು ನೋಡುತ್ತಾರೆ. ನೋಡಬೇಕಾದ್ದು ಶಾಖದ ಅಂಕಿಯನ್ನು. ಶಾಖವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಪೇಟೆಯಲ್ಲಿರುವ ಟ್ಯೂನರುಗಳಲ್ಲಿ ಹೆಚ್ಚಿನವು ಪಟ್ಟಿಯಿಂದ ತಾವಾಗಿ ಬಿದ್ದುಹೋಗುತ್ತವೆ.

ಗ್ಯಾರೇಜಿನ ಮಾತಿನಿಂದ ಶುರುಮಾಡುವುದು ಒಳ್ಳೆಯದು. ಮುಂಬಯಿಯ ಚಾಲಕ ತನ್ನ ಎಂಜಿನ್ನನ್ನು ಎರಡೇ ಪದಗಳಲ್ಲಿ ತೂಗುತ್ತಾನೆ: ಪಿಕಪ್ ಮತ್ತು ಆವರೇಜ್. ಪೆಡಲ್ ಒತ್ತಿದಾಗ ಗಾಡಿ ಮುನ್ನುಗ್ಗುವ ಚುರುಕು ಪಿಕಪ್; ಲೀಟರ್ ಡೀಸೆಲಿಗೆ ಓಡುವ ದೂರ ಆವರೇಜ್. ಟ್ಯೂನರ್ ಮಾರುವವರು ಎರಡನ್ನೂ ಒಟ್ಟಿಗೆ ಕೊಡುತ್ತೇವೆನ್ನುತ್ತಾರೆ. ಆದರೆ ಗಂಟೆಗಟ್ಟಲೆ ಭಾರ ಹೊತ್ತು ಒಂದೇ ಸಮನೆ ನಡೆಯುವ ತಾಳಿಕೆಗೆ ಈ ಜೋಡಿಯಲ್ಲಿ ಹೆಸರೇ ಇಲ್ಲ. ಕನ್ನಡದಲ್ಲಿ ಜಗ್ಗುವುದು ಬೇರೆ, ಎಳೆಯುವುದು ಬೇರೆ. ಜಗ್ಗುವುದು ಒಂದು ಕ್ಷಣದ ಬಲ, ಎಳೆಯುವುದು ದಾರಿಯುದ್ದದ ಬಲ. ಮುಂಬಯಿಯಲ್ಲಿರುವ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಬಳದ ಕೋಣ 140 ಮೀಟರಿನ ಆಸುಪಾಸಿನ ಕೆಸರಿನ ಓಟದ ಕರೆಯನ್ನು ಹದಿಮೂರು-ಹದಿನಾಲ್ಕು ಸೆಕೆಂಡಿನಲ್ಲಿ ಓಡಿ ಮುಗಿಸುತ್ತದೆ. ಅದೇ ಕೋಣವನ್ನು ದಿನವಿಡೀ ನೇಗಿಲಿಗೆ ಯಾರೂ ಕಟ್ಟುವುದಿಲ್ಲ. ಪೇಟೆಯಲ್ಲಿರುವ ಹೆಚ್ಚಿನ ಟ್ಯೂನರುಗಳು ಎಂಜಿನ್ನನ್ನು ಕಂಬಳಕ್ಕೆ ತಯಾರು ಮಾಡುತ್ತವೆ.

ಟ್ಯೂನಿಂಗ್ ಎಂಬ ಕಸುಬು ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಅದರ ಬೇರು ಹಳೆಯ ಡೀಸೆಲ್ ಪಂಪಿನಲ್ಲಿದೆ. ಜರ್ಮನಿಯ ಬಾಷ್ ಕಂಪನಿ 1922ರಲ್ಲಿ ಕಲ್ಕತ್ತೆಯ ಮೂಲಕ ಭಾರತಕ್ಕೆ ಸರಕು ಮಾರಲು ಬಂತು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. 1953ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಕೆಲಸ ಶುರುಮಾಡಿತು. ಕನ್ನಡಿಗರ ಬಾಯಲ್ಲಿ ಅದು ಮೈಕೋ ಆಯಿತು, ಬಡಾವಣೆಯೊಂದಕ್ಕೆ ಹೆಸರೂ ಆಯಿತು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು, ಆಮೇಲೆ ಬಿಡದಿಯಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಗ್ಯಾರೇಜುಗಳಲ್ಲಿ ಮಾತ್ರ ಡೀಸೆಲ್ ಪಂಪ್ ಇವತ್ತಿಗೂ ಮೈಕೋ ಪಂಪೇ. ದೇಶದ ಲಾರಿ, ಟ್ರ್ಯಾಕ್ಟರುಗಳ ಎಂಜಿನ್ ಎಷ್ಟು ಡೀಸೆಲ್ ಕುಡಿಯಬೇಕು ಎಂಬುದನ್ನು ದಶಕಗಳ ಕಾಲ ತೀರ್ಮಾನಿಸಿದ್ದು ಆಡುಗೋಡಿಯಲ್ಲಿ ಹುಟ್ಟಿದ ಈ ಕಬ್ಬಿಣದ ಪೆಟ್ಟಿಗೆ.

ಅದರ ಒಳರಚನೆ ಸರಳ. ಪ್ರತಿ ಸಿಲಿಂಡರಿಗೆ ಒಂದೊಂದು ಪ್ಲಂಜರ್. ಎಲ್ಲ ಪ್ಲಂಜರುಗಳನ್ನೂ ಒಟ್ಟಿಗೆ ತಿರುಗಿಸುವ ಹಲ್ಲಿನ ಪಟ್ಟಿ, ಅಂದರೆ ರ‍್ಯಾಕ್. ರ‍್ಯಾಕನ್ನು ಹಿಡಿತದಲ್ಲಿಡುವ ಗವರ್ನರ್. ರ‍್ಯಾಕ್ ಇದಕ್ಕಿಂತ ಮುಂದೆ ಸರಿಯಬಾರದೆಂದು ತಡೆಯುವ ಒಂದು ಸ್ಕ್ರೂ ಇರುತ್ತದೆ, ಅದರ ಮೇಲೆ ತಂತಿ ಮತ್ತು ಸೀಸದ ಸೀಲು. ಸೀಲು ಒಡೆದು ಸ್ಕ್ರೂವನ್ನು ಸ್ವಲ್ಪ ತಿರುಗಿಸಿದರೆ ಪ್ರತಿ ಹೊಡೆತಕ್ಕೂ ಡೀಸೆಲ್ ಹೆಚ್ಚು ಹೋಗುತ್ತದೆ, ಪಿಕಪ್ ಬರುತ್ತದೆ, ಹೊಗೆಯೂ ಬರುತ್ತದೆ. ಇಂದಿನ ಟ್ಯೂನರಿನ ಅಜ್ಜ ಆ ಸ್ಕ್ರೂ. ಇಂದಿನ ಎಂಜಿನ್ ಕಂಪ್ಯೂಟರಿನ ಗುಪ್ತ ಬೀಗಕ್ಕೆ ಅಜ್ಜ ಆ ಸೀಸದ ಸೀಲು. ಟಾಟಾದ ಹಳೆಯ ಎಂಜಿನ್ನುಗಳ ಹೆಸರಿನಲ್ಲೇ ಅವುಗಳ ಅಳತೆ ಅಡಗಿದೆ. 697 ಎಂದರೆ 97 ಮಿಲಿಮೀಟರ್ ಅಗಲದ ಆರು ಸಿಲಿಂಡರ್, 5,675 ಘನ ಸೆಂಟಿಮೀಟರ್. 497 ಎಂದರೆ ಅದೇ ಅಗಲದ ನಾಲ್ಕು ಸಿಲಿಂಡರ್, 2,956 ಘನ ಸೆಂಟಿಮೀಟರ್. ಸ್ಕ್ರೂ ತಿರುಗಿಸಿದವನು ಡೀಸೆಲನ್ನು ಹೆಚ್ಚಿಸಬಲ್ಲ. 97 ಮಿಲಿಮೀಟರಿನ ಆ ಕೊಳವೆ ಒಳಗೆಳೆಯುವ ಗಾಳಿಯನ್ನು ಹೆಚ್ಚಿಸಲಾರ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಈಗ ಲೆಕ್ಕ. ಐದು ಟನ್ ತೂಕದ ಕ್ರೇನ್ ಗಾಡಿ ನಾಲ್ಕು ಟನ್ನಿನ ಟೆಂಪೊವನ್ನು ಎಳೆಯುತ್ತಿದೆ, ಒಟ್ಟು ಒಂಬತ್ತು ಟನ್ ಎಂದುಕೊಳ್ಳೋಣ. ಸಪಾಟು ಡಾಂಬರು ರಸ್ತೆಯಲ್ಲಿ ಟಯರುಗಳ ಉರುಳು ತಡೆ ತೂಕದ ನೂರರಲ್ಲೊಂದು ಪಾಲು ಎಂದು ಹಿಡಿದರೆ ಸುಮಾರು 880 ನ್ಯೂಟನ್. ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ, ಗಾಳಿಯ ತಡೆಯನ್ನೂ ಗೇರ್‌ಬಾಕ್ಸಿನ ಸೋರಿಕೆಯನ್ನೂ ಸೇರಿಸಿ, ಎಂಜಿನ್ ಕೊಡಬೇಕಾದ್ದು ಬರೀ 7 ಕಿಲೋವ್ಯಾಟ್. ಹತ್ತು ಅಶ್ವಶಕ್ತಿಗೂ ತುಸು ಕಡಿಮೆ. 24 ಎಂಬ ವೇಗವನ್ನು ನಾನು ಸುಮ್ಮನೆ ಆರಿಸಲಿಲ್ಲ. ಟ್ರೇಲರ್ ಅಲ್ಲದ ಗಾಡಿಯನ್ನು ಎಳೆದೊಯ್ಯುವಾಗ ವೇಗ ಗಂಟೆಗೆ 24 ಕಿಲೋಮೀಟರ್ ಮೀರಬಾರದು, ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು ಎಂದು 1989ರ ರಸ್ತೆ ನಿಯಮಾವಳಿ ಹೇಳಿತ್ತು. ಅದರ ಜಾಗಕ್ಕೆ 2017ರ ಚಾಲನಾ ನಿಯಮಾವಳಿ ಬಂದಿದೆ. 24ರ ಆ ಮಿತಿಯನ್ನು ಬರೆದವರು ಎಳೆಯುವ ಕೆಲಸವನ್ನು ನಿಧಾನದ ಕೆಲಸವೆಂದೇ ಕಂಡಿದ್ದರು.

ಸಪಾಟು ರಸ್ತೆ ಬಿಟ್ಟು ಏರಿಗೆ ಬರೋಣ. ಪ್ರತಿ ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ದಾರಿಯಲ್ಲಿ ಅದೇ 24ರ ವೇಗಕ್ಕೆ ಬೇಕಾದ್ದು 34 ಕಿಲೋವ್ಯಾಟ್, ಅಂದರೆ 46 ಅಶ್ವಶಕ್ತಿ. ಚಾಲಕ 40ರಲ್ಲಿ ಹತ್ತಲೇಬೇಕೆಂದರೆ 59 ಕಿಲೋವ್ಯಾಟ್, 80 ಅಶ್ವಶಕ್ತಿ. ಮೂರು ಲೀಟರಿನ ಆರೋಗ್ಯವಂತ ಟರ್ಬೊ ಡೀಸೆಲ್ ಎಂಜಿನ್ ಇಷ್ಟನ್ನು ಯಾವ ಟ್ಯೂನರೂ ಇಲ್ಲದೆ ಕೊಡುತ್ತದೆ. ಎತ್ತುವ ಕೆಲಸಕ್ಕಂತೂ ಇನ್ನೂ ಕಡಿಮೆ ಸಾಕು. ಒಂದೂವರೆ ಟನ್ ತೂಕವನ್ನು ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ ಮೇಲೆತ್ತಲು ಒಂದೂವರೆ ಕಿಲೋವ್ಯಾಟ್ ಸಾಕು, ಎರಡೇ ಅಶ್ವಶಕ್ತಿ. ಅದನ್ನು ಮಾಡುವುದು ಹೈಡ್ರಾಲಿಕ್ ಸಿಲಿಂಡರ್. ಎಂಜಿನ್ನಿನ ಗರಿಷ್ಠ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ.

ನಿಂತ ಜಾಗದಿಂದ ಹೊರಡುವುದು ಇನ್ನೊಂದು ಪರೀಕ್ಷೆ. ನೂರಕ್ಕೆ ಎಂಟರ ಕಡಿದಾದ ಏರಿನಲ್ಲಿ ಇದೇ ಒಂಬತ್ತು ಟನ್ನನ್ನು ಕದಲಿಸಬೇಕು. ಮೊದಲ ಗೇರಿನ ಅನುಪಾತ 6, ಕ್ರೌನ್-ಪಿನಿಯನ್ನಿನದು 4.5, ಚಕ್ರದ ತ್ರಿಜ್ಯ 38 ಸೆಂಟಿಮೀಟರ್ ಎಂದು ಹಿಡಿದರೆ ಎಂಜಿನ್ ತಿರುಚಬೇಕಾದ ಬಲ ಸುಮಾರು 127 ನ್ಯೂಟನ್-ಮೀಟರ್. ಅದೂ ದೊಡ್ಡ ಬೇಡಿಕೆಯಲ್ಲ. ಇಲ್ಲಿ ದುಡಿಯುವುದು ಗೇರು. ಕ್ರೌನ್-ಪಿನಿಯನ್ 4.1ರ ಬದಲು 4.8 ಇರುವ ಗಾಡಿಯನ್ನು ಕೊಳ್ಳುವಾಗಲೇ ಆರಿಸಿದರೆ ಚಕ್ರದ ಎಳೆತ ನೂರಕ್ಕೆ 17ರಷ್ಟು ಹೆಚ್ಚುತ್ತದೆ. ಒಂದು ಹನಿ ಹೆಚ್ಚಿನ ಡೀಸೆಲ್ ಹೊಡೆಯದೆ, ಎಂಜಿನ್ನಿಗೆ ಒಂದು ಡಿಗ್ರಿ ಹೆಚ್ಚಿನ ಶಾಖ ಕೊಡದೆ ಸಿಗುವ ಬಲ ಅದು. ಹೆದ್ದಾರಿಯಲ್ಲಿ ಓಟದ ವೇಗ ಸ್ವಲ್ಪ ತಗ್ಗುತ್ತದೆ, ಅಷ್ಟೆ. ಎಳೆಯುವ ಗಾಡಿಗೆ ಅದು ನಷ್ಟವೇ ಅಲ್ಲ.

ಹಾಗಾದರೆ ಟ್ಯೂನರ್ ಕೊಡುವುದೇನು? ಲೆಕ್ಕವನ್ನು ಮುಂದುವರಿಸೋಣ. ರಿಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಕಡತವನ್ನು ತಿದ್ದಿಸಿ, ನೂರಕ್ಕೆ ಇಪ್ಪತ್ತರಷ್ಟು ಶಕ್ತಿ ಹೆಚ್ಚಿಸಿದೆವು, ಚಾಲಕ ಅದನ್ನು ಏರಿನಲ್ಲಿ ಪೂರ್ತಿ ಬಳಸಿದ ಎಂದಿಟ್ಟುಕೊಳ್ಳೋಣ. 59 ಕಿಲೋವ್ಯಾಟ್ 71 ಆಯಿತು. ವೇಗ 40ರಿಂದ 47ಕ್ಕೆ ಏರಿತು. ಹತ್ತು ಕಿಲೋಮೀಟರ್ ಏರುದಾರಿಯಲ್ಲಿ ಉಳಿದ ಸಮಯ ಎರಡೂಕಾಲು ನಿಮಿಷ. ಇದಕ್ಕೆ ತೆತ್ತ ಬೆಲೆಯೆಷ್ಟು? ಡೀಸೆಲಿನ ಶಕ್ತಿಯಲ್ಲಿ ನೂರಕ್ಕೆ 35 ಪಾಲು ಚಕ್ರದ ಕಡೆಗೆ ಹೋಗುತ್ತದೆ ಎಂದು ಉದಾರವಾಗಿ ಹಿಡಿದರೂ ಮಿಕ್ಕ 65 ಪಾಲು ಶಾಖ. ಮೊದಲು 110 ಕಿಲೋವ್ಯಾಟ್ ಶಾಖವನ್ನು ಹೊರಹಾಕುತ್ತಿದ್ದ ಎಂಜಿನ್ ಈಗ 132 ಕಿಲೋವ್ಯಾಟ್ ಹೊರಹಾಕಬೇಕು. ಹೆಚ್ಚಾದ 22 ಕಿಲೋವ್ಯಾಟ್ ಎಂದರೆ ಬಾತ್‌ರೂಮಿನ ಎರಡು ಕಿಲೋವ್ಯಾಟಿನ ಗೀಸರು ಹನ್ನೊಂದು. ಅಷ್ಟನ್ನೂ ಅದೇ ರೇಡಿಯೇಟರ್, ಅದೇ ಫ್ಯಾನು, ಅದೇ ಸೈಲೆನ್ಸರ್ ಕೊಳವೆ ಸಾಗಹಾಕಬೇಕು. ರಿಮ್ಯಾಪ್ ಎಂಜಿನ್ನಿನ ಕಡತವನ್ನು ಬದಲಿಸುತ್ತದೆ. ರೇಡಿಯೇಟರನ್ನು ದೊಡ್ಡದು ಮಾಡುವುದಿಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಚಾಲಕ ಮೊದಲಿನ ವೇಗದಲ್ಲೇ ಹೋದರೆ ಶಾಖವೂ ಮೊದಲಿನಷ್ಟೇ. ಟ್ಯೂನರ್ ತಾನಾಗಿ ಎಂಜಿನ್ನನ್ನು ಸುಡುವುದಿಲ್ಲ, ಸುಡುವ ಅನುಮತಿಯನ್ನು ಚಾಲಕನ ಕಾಲಿಗೆ ಕೊಡುತ್ತದೆ. ಫೋನಿನಲ್ಲಿ ಮುಂದಿನ ಗಿರಾಕಿ ಕಾಯುತ್ತಿರುವಾಗ ಆ ಕಾಲು ಹಗುರಾಗಿರಲಿ ಎಂದು ಬಯಸುವುದು ಕಷ್ಟ. ವೇಗ 40ರಿಂದ 47ಕ್ಕೆ ಏರಿದಾಗ ಬ್ರೇಕು ನುಂಗಬೇಕಾದ ಚಲನಶಕ್ತಿ ನೂರಕ್ಕೆ 38ರಷ್ಟು ಹೆಚ್ಚುತ್ತದೆ. ಎಂಜಿನ್ ನಿಂತುಹೋದ ಟೆಂಪೊದ ಬ್ರೇಕಿಗೆ ಗಾಳಿಯ ಅಥವಾ ವ್ಯಾಕ್ಯೂಮಿನ ಸಹಾಯ ಇರುವುದಿಲ್ಲ, ಪವರ್ ಸ್ಟಿಯರಿಂಗೂ ಸತ್ತಿರುತ್ತದೆ. ಒಂಬತ್ತು ಟನ್ನನ್ನು ನಿಲ್ಲಿಸುವ ಹೊಣೆ ಪೂರಾ ಐದು ಟನ್ನಿನ ಗಾಡಿಯದು. ಖಂಡಾಳದ ಬೋರ್ ಘಾಟ್ ಇಳಿಯುವಾಗ, ಕಸಾರಾ ಘಾಟ್ ಇಳಿಯುವಾಗ, ಊರಿನ ಕಡೆ ಹೊರಟ ಗಾಡಿಯೊಂದನ್ನು ಕಶೇಡಿಯ ತಿರುವುಗಳಲ್ಲಿ ಎಳೆಯುವಾಗ ಜೀವ ಉಳಿಸುವುದು ಈ ಲೆಕ್ಕ. ಟ್ಯೂನರಿನ ಜಾಹೀರಾತಿನಲ್ಲಿ ಇಳಿಜಾರಿನ ಮಾತೇ ಬರುವುದಿಲ್ಲ ಎನ್ನುವುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಶಾಖದ ಇನ್ನೊಂದು ಮುಖ ಗಾಳಿ. ಡೀಸೆಲ್ ಪೂರ್ತಿ ಉರಿಯಲು ಒಂದು ಕಿಲೋಗೆ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ಮತ್ತು ಗಾಳಿ ಚೆನ್ನಾಗಿ ಬೆರೆಯಲು ಸಮಯವಿಲ್ಲ. ಆದ್ದರಿಂದ ಹೊಗೆ ಕಾಣದಿರಬೇಕಾದರೆ ಹದಿನೆಂಟರಿಂದ ಇಪ್ಪತ್ತು ಕಿಲೋ ಗಾಳಿಯಾದರೂ ಇರಬೇಕು. ಗಾಳಿ ಹೆಚ್ಚಿಸದೆ ಡೀಸೆಲ್ ಹೆಚ್ಚಿಸಿದರೆ ಮೊದಲು ಸೈಲೆನ್ಸರಿನ ಶಾಖ ಏರುತ್ತದೆ, ಆಮೇಲೆ ಕಪ್ಪು ಹೊಗೆ ಬರುತ್ತದೆ. ಟರ್ಬೊಗೆ ನುಗ್ಗುವ ಹೊಗೆಯ ಶಾಖ ಏರಿನಲ್ಲಿ ನಿಮಿಷಗಟ್ಟಲೆ 700 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತರೆ ಎಚ್ಚರವಾಗಬೇಕು ಎಂಬುದು ಡೀಸೆಲ್ ಎಂಜಿನ್ ಬಲ್ಲವರ ಹಳೆಯ ಲೆಕ್ಕ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅಲ್ಯೂಮಿನಿಯಂ ಪಿಸ್ಟನ್ ಅದಕ್ಕಿಂತ ಬಿಸಿಯಾದ ಬೆಂಕಿಯ ನಡುವೆ ಕರಗದೆ ಉಳಿಯುವುದು ಪ್ರತಿ ಸುತ್ತಿನಲ್ಲೂ ಒಳಬರುವ ತಂಪು ಗಾಳಿ ಮತ್ತು ಕೆಳಗಿನಿಂದ ಚಿಮ್ಮುವ ಎಣ್ಣೆಯಿಂದ. ಆ ಬಿಡುವನ್ನು ಕಿರಿದು ಮಾಡಿದಷ್ಟೂ ಪಿಸ್ಟನ್ನಿನ ಆಯುಸ್ಸು ಕಿರಿದು.

ಮುಂಬಯಿಯ ಹವೆ ಇಲ್ಲಿ ತನ್ನ ಪಾಲನ್ನು ಕೇಳುತ್ತದೆ. 25 ಡಿಗ್ರಿಯಿಂದ 35 ಡಿಗ್ರಿಗೆ ಏರಿದ ಗಾಳಿಯಲ್ಲಿ ತೂಕ ನೂರಕ್ಕೆ ಮೂರರಷ್ಟು ಕಡಿಮೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಅಮರ್ ಮಹಲ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತ ಟ್ರಕ್ಕಿನ ಬಾನೆಟ್ಟಿನೊಳಗಿನ ಗಾಳಿ 35ರಲ್ಲಿ ನಿಲ್ಲುವುದಿಲ್ಲ. ಚೆಂಬೂರಿನ ಧೂಳು ಇಂಟರ್‌ಕೂಲರಿನ ರೆಕ್ಕೆಗಳನ್ನು ಮುಚ್ಚುತ್ತದೆ. ಎಣ್ಣೆಯ ಹನಿಯೊಂದು ಒಸರುತ್ತಿದ್ದರೆ ಅದು ಧೂಳಿನ ಜೊತೆ ಸೇರಿ ಮೆತ್ತಿಕೊಳ್ಳುತ್ತದೆ. ಟ್ಯೂನರ್ ಕೇಳಿಕೊಂಡು ಬರುವ ಗಾಡಿಯ ಪಿಕಪ್ ಕುಸಿದಿರುವುದಕ್ಕೆ ಮುಚ್ಚಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಟರ್ಬೊ ಹೋಸ್ ಪೈಪು, ಸವೆದ ನಾಝಲ್, ಜಾರುವ ಕ್ಲಚ್ ಪ್ಲೇಟು, ಪೂರ್ತಿ ಬಿಡದೆ ಹಿಡಿದುಕೊಂಡಿರುವ ಬ್ರೇಕ್ ಕಾರಣವಾಗಿರಬಹುದು. ಅವನ್ನು ಸರಿಪಡಿಸದೆ ಮೇಲೆ ಟ್ಯೂನರ್ ಹಾಕಿದರೆ ಜ್ವರದ ಕಾರಣ ಹುಡುಕದೆ ಗುಳಿಗೆ ನುಂಗಿದ ಹಾಗೆ.

ಇಷ್ಟು ಹಿನ್ನೆಲೆಯಲ್ಲಿ ಟ್ಯೂನರುಗಳ ಜಾತಿಗಳನ್ನು ನೋಡಬಹುದು. ಕಾಮನ್ ರೈಲ್ ಎಂಜಿನ್ನುಗಳು ಬಂದ ಮೇಲೆ ಸ್ಕ್ರೂ ಹೋಯಿತು. ಒಂದೇ ಉಕ್ಕಿನ ಕೊಳವೆಯಲ್ಲಿ ಡೀಸೆಲನ್ನು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ತುಂಬಿಟ್ಟು, ಇಂಜೆಕ್ಟರ್ ಯಾವಾಗ ಎಷ್ಟು ಹೊತ್ತು ತೆರೆಯಬೇಕೆಂದು ಕಂಪ್ಯೂಟರ್ ಹೇಳುವ ವ್ಯವಸ್ಥೆ ಇದು. ಇದಕ್ಕೆ ಸಿಗುವ ಅತಿ ಅಗ್ಗದ ಉಪಕರಣ ಟ್ಯೂನಿಂಗ್ ಬಾಕ್ಸ್. ಒತ್ತಡ ಅಳೆಯುವ ಸೆನ್ಸರಿನ ತಂತಿಯ ನಡುವೆ ಅದನ್ನು ಸಿಕ್ಕಿಸುತ್ತಾರೆ. ಇರುವ ಒತ್ತಡಕ್ಕಿಂತ ಕಡಿಮೆ ಇದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ, ಕಂಪ್ಯೂಟರ್ ನಂಬಿ ಒತ್ತಡ ಏರಿಸುತ್ತದೆ. ಹಾಕುವುದು ಸುಲಭ, ತೆಗೆಯುವುದು ಸುಲಭ; ಅದಕ್ಕೇ ಜನಪ್ರಿಯ. ನನ್ನ ತೀರ್ಪಿನಲ್ಲಿ ಎಳೆಯುವ ಗಾಡಿಗೆ ಅತಿ ಅಪಾಯದ್ದು ಇದೇ. ತಾನು ನಿಜವಾಗಿ ಎಷ್ಟು ಡೀಸೆಲ್ ಹೊಡೆಯುತ್ತಿದ್ದೇನೆ ಎಂಬುದು ಕಂಪ್ಯೂಟರಿಗೇ ಗೊತ್ತಿಲ್ಲದ ಮೇಲೆ ಅದರ ರಕ್ಷಣಾ ಲೆಕ್ಕಗಳೆಲ್ಲ ತಪ್ಪುತ್ತವೆ. ಗೇರ್‌ಬಾಕ್ಸ್ ಉಳಿಸಲು ಹಾಕಿದ ಟಾರ್ಕ್ ಮಿತಿ, ಹೊಗೆ ತಡೆಯಲು ಹಾಕಿದ ಮಿತಿ, ಮಸಿಯ ಫಿಲ್ಟರಿನಲ್ಲಿ ಎಷ್ಟು ಮಸಿ ಕೂತಿದೆ ಎಂಬ ಅಂದಾಜು, ಎಲ್ಲವೂ ಸುಳ್ಳಿನ ಮೇಲೆ ನಿಲ್ಲುತ್ತವೆ.

ಎರಡನೆಯದು ರಿಮ್ಯಾಪ್: ಸ್ಕ್ಯಾನರ್ ಸಾಕೆಟ್ಟಿನ ಮೂಲಕವೋ ಕಂಪ್ಯೂಟರನ್ನೇ ಬಿಚ್ಚಿಯೋ ಒಳಗಿನ ಕಡತವನ್ನು ತಿದ್ದುವುದು. ಇದರಲ್ಲಿ ಕಂಪ್ಯೂಟರಿಗೆ ಸತ್ಯ ಗೊತ್ತಿರುತ್ತದೆ, ಹಾಗಾಗಿ ಬಾಕ್ಸಿಗಿಂತ ಮೇಲು. ಆದರೆ ತಿದ್ದುವವನು ಯಾವ ಸಾಲನ್ನು ತಿದ್ದಿದ ಎಂಬುದೇ ಎಲ್ಲ. ಎಳೆಯುವ ಗಾಡಿಯ ಕಡತದಲ್ಲಿ ಗರಿಷ್ಠ ಶಕ್ತಿಯನ್ನು ಮುಟ್ಟಬಾರದು. ನಿಮಿಷಕ್ಕೆ 1,400ರಿಂದ 2,200 ಸುತ್ತುಗಳ ನಡುವಿನ ಎಳೆತ ತಗ್ಗು-ಉಬ್ಬಿಲ್ಲದೆ ಒಂದೇ ಸಮನಾಗಿರಬೇಕು. ಹೊಗೆಯ ಮಿತಿ, ನೀರಿನ ಶಾಖ ಏರಿದಾಗ ಶಕ್ತಿ ಇಳಿಸುವ ಮಿತಿ, ಟಾರ್ಕ್ ಮಿತಿ ಮೂರೂ ಇದ್ದಲ್ಲೇ ಇರಬೇಕು. ಪೆಡಲಿನ ಸ್ಪಂದನವನ್ನು ಮೃದುವಾಗಿಸಬೇಕು. ಕೊಂಡಿಯಲ್ಲಿ ಗಾಡಿ ತೂಗುತ್ತಿರುವಾಗ ಒಂದು ಜಗ್ಗಾಟವೂ ಅಪಾಯ. 1,200 ಸುತ್ತಿನ ಕೆಳಗೆ ಎಳೆತ ಹೆಚ್ಚಿಸಿದರೆ ಚಾಲಕನಿಗೆ ಗೇರ್ ಇಳಿಸದೆ ಹತ್ತುವ ಖುಷಿ ಸಿಗುತ್ತದೆ, ಕನೆಕ್ಟಿಂಗ್ ರಾಡು ಮತ್ತು ಬೇರಿಂಗುಗಳಿಗೆ ಪೆಟ್ಟು ಬೀಳುತ್ತದೆ.

ಮೂರನೆಯದು ಟ್ಯೂನಿಂಗ್ ಎನ್ನುವ ಹೆಸರಿಗೇ ತಕ್ಕದ್ದಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಕೊರೆದು ತೆಗೆಯುವುದು, ಯೂರಿಯಾ ದ್ರಾವಣದ ವ್ಯವಸ್ಥೆಯನ್ನು ಮುಚ್ಚುವುದು, ಹೊಗೆಯ ಒಂದು ಭಾಗವನ್ನು ತಿರುಗಿ ಎಂಜಿನ್ನಿಗೆ ಕಳಿಸುವ ವಾಲ್ವನ್ನು ತಗಡು ಬಡಿದು ನಿಲ್ಲಿಸುವುದು. ಅಮೆರಿಕದಲ್ಲಿ ಎಳೆಯುವ ಡೀಸೆಲ್ ಪಿಕಪ್ ಟ್ರಕ್ಕುಗಳ ಟ್ಯೂನರ್ ಪೇಟೆಯ ಒಂದು ಪಾಲು ಈ ದಾರಿ ಹಿಡಿಯಿತು. ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆ, ಅದರಿಂದ ಆ ಗಾಡಿಗಳ ಆಯುಸ್ಸು ಮುಗಿಯುವುದರೊಳಗೆ 5,70,000 ಟನ್ನಿಗೂ ಹೆಚ್ಚಿನ ನೈಟ್ರೋಜನ್ ಆಕ್ಸೈಡ್ ಹೆಚ್ಚುವರಿಯಾಗಿ ಗಾಳಿಗೆ ಸೇರುತ್ತದೆ ಎಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರಿನಲ್ಲಿ ಅಂದಾಜಿಸಿತು. ಅಲ್ಲಿನ ಟ್ಯೂನರುಗಳನ್ನು ಹೊಗಳುವ ಬರಹ ಓದಿ ಇಲ್ಲಿ ಆಯ್ಕೆ ಮಾಡುವವರು ಈ ಅಂಕಿಯನ್ನೂ ಓದಬೇಕು.

ಚೆಂಬೂರಿಗೆ ಈ ಮಾತು ಹೆಚ್ಚು ತಟ್ಟುತ್ತದೆ. 1950ರ ದಶಕದ ನಡುವೆ ಮಾಹುಲಿನಲ್ಲಿ ಮುಂದೆ ಎಸ್ಸೊ ಆದ ಕಂಪನಿಯ ಮತ್ತು ಬರ್ಮಾ ಶೆಲ್ಲಿನ ಶುದ್ಧೀಕರಣಾಗಾರಗಳು ನೆಲೆಗೊಂಡವು. 1970ರ ದಶಕದಲ್ಲಿ ಅವು ಸರ್ಕಾರದ ಕೈಗೆ ಬಂದು ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಅವುಗಳ ಜೊತೆ ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರ. ಚೆಂಬೂರನ್ನು ಗ್ಯಾಸ್ ಚೇಂಬರ್ ಎಂದು ಊರವರೇ ಕರೆಯುವಂತಾದದ್ದು ಸುಮ್ಮನಲ್ಲ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನಿನಲ್ಲಿ ಖಚಿತವಾಗಿ ಹೇಳಿತು. ಕ್ರೇನಿನ ಹೊಗೆಯನ್ನು ಎಲ್ಲರಿಗಿಂತ ಮೊದಲು ಉಸಿರಾಡುವವನು ಅದರ ಹಿಂದೆ ಕೂತು ಕೊಂಡಿ ಬಿಗಿಯುವ ಹುಡುಗ. ಟ್ಯೂನರ್ ಆಯ್ಕೆಯ ಲೆಕ್ಕದಲ್ಲಿ ಅವನ ಎದೆಗೂಡೂ ಒಂದು ಅಂಕಿ ಎಂದು ನಾನು ನಂಬುತ್ತೇನೆ.

ಟ್ಯೂನ್ ಮಾಡಿದ ಗಾಡಿ ಪಿಯುಸಿ (ಮಾಲಿನ್ಯ ತಪಾಸಣೆ) ಪಾಸಾಗುತ್ತದೆ ಎನ್ನುವುದು ಮಾರುವವರ ಸಾಮಾನ್ಯ ಭರವಸೆ. ಅದು ನಿಜವೂ ಆಗಿರಬಹುದು, ಆದರೆ ಏನನ್ನೂ ಸಾಬೀತು ಮಾಡುವುದಿಲ್ಲ. ಡೀಸೆಲ್ ಗಾಡಿಯ ಪಿಯುಸಿ ಪರೀಕ್ಷೆಯಲ್ಲಿ ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿಎಸ್-4 ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಗಾಡಿಗೆ ಮಿತಿ 65 ಹಾರ್ಟ್‌ರಿಜ್, ಬಿಎಸ್-4ಕ್ಕೆ 50. ಭಾರವಿಲ್ಲದೆ ನಡೆಯುವ ಈ ಪರೀಕ್ಷೆಗೂ ಒಂಬತ್ತು ಟನ್ ಎಳೆದು ಏರು ಹತ್ತುವಾಗಿನ ಹೊಗೆಗೂ ನಂಟು ದೂರದ್ದು. ನೈಟ್ರೋಜನ್ ಆಕ್ಸೈಡನ್ನು ಅದು ಅಳೆಯುವುದೇ ಇಲ್ಲ.

ಕಾನೂನಿನ ಭಾಗವನ್ನು ಚಿಕ್ಕದಾಗಿ ಹೇಳಬಹುದು, ಏಕೆಂದರೆ ಅದು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದೆ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಎಳೆಯುವ ಗಾಡಿಯ ಮಾಲೀಕ ಬೇರೆಯವರ ಸ್ವತ್ತನ್ನು ಕೊಂಡಿಯಲ್ಲಿ ತೂಗಿಸಿಕೊಂಡು ಹೋಗುವವನು. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗೆ ಅವನ ಬಳಿ ಉತ್ತರ ಇರಬೇಕು.

ಆದ್ದರಿಂದ 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಯ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಎರಡು ಮುಖವಿಲ್ಲ: ಹೊರಗಿನ ಟ್ಯೂನರ್ ಯಾವುದೂ ಬೇಡ. ಆ ಎಂಜಿನ್ನಿನ ಶಾಖ, ಮಸಿ, ಯೂರಿಯಾ ಎಲ್ಲವೂ ಒಂದರ ಲೆಕ್ಕ ಇನ್ನೊಂದಕ್ಕೆ ಹೆಣೆದುಕೊಂಡಿವೆ. ಮಸಿಯ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು 600 ಡಿಗ್ರಿಯ ಹತ್ತಿರದ ಶಾಖ ಬೇಕು. ಮಾನ್ಖುರ್ದಿನಿಂದ ಸಯನ್ನಿಗೆ ದಿನವಿಡೀ ತೆವಳುವ ಗಾಡಿಗೆ ಆ ಅವಕಾಶವೇ ಕಡಿಮೆ; ಹೆಚ್ಚು ಡೀಸೆಲ್ ಸುರಿಯುವ ಕಡತ ಹಾಕಿದರೆ ಫಿಲ್ಟರ್ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ತಯಾರಕರೇ ತಮ್ಮ ಡೀಲರ್ ಮೂಲಕ ಹೊಸ ಕಡತ ಕೊಟ್ಟಿದ್ದರೆ ಅದನ್ನು ಹಾಕಿಸಬೇಕು. ಟ್ಯೂನರಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಒಳ್ಳೆಯ ಸ್ಕ್ಯಾನರ್ ಕೊಳ್ಳಬೇಕು. ನೀರಿನ ಶಾಖ, ಒಳಗೆಳೆದ ಗಾಳಿಯ ಶಾಖ, ಟರ್ಬೊ ಒತ್ತಡ, ಸೈಲೆನ್ಸರಿನ ಶಾಖ, ಈ ನಾಲ್ಕು ಸಾಲನ್ನು ಭಾರ ಎಳೆಯುವಾಗ ದಾಖಲಿಸಿಕೊಳ್ಳಬೇಕು: ಒಮ್ಮೆ ವಾಶಿ ಸೇತುವೆಯ ಏರಿನಲ್ಲಿ, ಒಮ್ಮೆ ಬೋರ್ ಘಾಟಿನಲ್ಲಿ. ಏರು ಮುಗಿದ ಮೇಲೆ ಶಾಖ ಕೆಳಗಿಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ರೇಡಿಯೇಟರ್ ಮತ್ತು ಇಂಟರ್‌ಕೂಲರನ್ನು ನೀರಿನಿಂದ ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಸಿ, ಅದೇ ದಾರಿಯಲ್ಲಿ ಮತ್ತೊಮ್ಮೆ ಅಳೆಯಬೇಕು.

ಹಳೆಯ ಮೈಕೋ ಪಂಪಿನ ಗಾಡಿ ಇನ್ನೂ ದುಡಿಯುತ್ತಿದ್ದರೆ ಅದರ ದಾರಿ ಬೇರೆ. ಪಂಪನ್ನು ಬಿಚ್ಚಿ ಪಂಪ್ ರೂಮಿಗೆ ಒಯ್ಯಬೇಕು, ಸ್ಕ್ರೂ ತಿರುಗಿಸಿಕೊಡಿ ಎಂದು ಕೇಳಬಾರದು. ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಪಂಪ್ ತಿರುಗುವಾಗ ಅದರ ಪ್ರತಿ ಕೊಳವೆಯೂ ಒಂದೊಂದು ಗೆರೆ ಹಾಕಿದ ಗಾಜಿನ ನಳಿಗೆಗೆ ಎಣ್ಣೆ ಸುರಿಯುತ್ತದೆ. ಒಂದು ನಳಿಗೆ ಕಡಿಮೆ ತುಂಬಿದ್ದರೆ ಆ ಸಿಲಿಂಡರ್ ಸೋಮಾರಿ. ಒಂದು ಹೆಚ್ಚು ತುಂಬಿದ್ದರೆ ಹೊಗೆ ಅಲ್ಲಿಂದ, ಶಾಖವೂ ಅಲ್ಲಿಂದ. ಎಲ್ಲ ನಳಿಗೆಗಳೂ ಸಮನಾಗಿ ತುಂಬುವಂತೆ ಪ್ಲಂಜರುಗಳನ್ನು ಹೊಂದಿಸಿ, ಕಂಪನಿಯ ಪಟ್ಟಿಯಲ್ಲಿರುವ ಅಳತೆಗೆ ತಂದು, ಸೀಸದ ಸೀಲನ್ನು ಹೊಸದಾಗಿ ಒತ್ತಿಸಿಕೊಂಡು ಬರಬೇಕು. ಮಾಲೀಕ ಆ ಹೊತ್ತಿಗೆ ಬೆಂಚಿನ ಪಕ್ಕದಲ್ಲೇ ನಿಂತು ನಳಿಗೆಗಳ ಗೆರೆಗಳನ್ನು ತಾನೇ ಓದಿಕೊಳ್ಳಬೇಕು, ಸುತ್ತು ಹೆಚ್ಚಿದ್ದಾಗ ಒಮ್ಮೆ, 700ಕ್ಕೆ ಇಳಿಸಿ ಇನ್ನೊಮ್ಮೆ.